ಮೇಣ ಮೆತ್ತಿದ ಗಾಯ

ನಮ್ಮ ಮನೆಯ ತಲೆಬಾಗಿಲು ದಾಟಿದರೆ ಮೊದಲು ಸಿಗುತ್ತಿದ್ದುದು ದನ. ಬಲಕ್ಕೆ ಗೋದಲಿ, ಎಡಕ್ಕೆ ನೊಗ, ನೇಗಿಲು, ಗುದ್ದಲಿಗಳನ್ನು ಒರಗಿಸಿದ ಗೋಡೆ. ಅಲ್ಲಿಂದ ಒಂದು ಮೊಳ ಮೇಲೆ ಹತ್ತಿದರೆ ಪಡಸಾಲೆ, ಅದರ ಹಿಂದೆ ಹೊಗೆ ಹಿಡಿದ ಅಡುಗೆಮನೆ, ಬಚ್ಚಲು, ಕೊನೆಗೆ ಹಿತ್ತಿಲು. ಮನುಷ್ಯರಿಗೂ ದನಗಳಿಗೂ ಒಂದೇ ಸೂರು, ಒಂದೇ ಬಾಗಿಲು. ನಾವು ಒಳಗೆ ಕೂತು ಮುದ್ದೆ ನುಂಗುವಾಗ ಎತ್ತುಗಳು ಮೆಲುಕು ಹಾಕುವ ಸದ್ದು ಕೇಳುತ್ತಿತ್ತು. ಆ ಸದ್ದು ನಿಂತರೆ ಅವ್ವ ಕೈಯ ತುತ್ತನ್ನು ಹಾಗೇ ಹಿಡಿದು ಒಂದು ಗಳಿಗೆ ಕಿವಿಗೊಡುತ್ತಿದ್ದಳು. ದನಕ್ಕೆ ಏನೋ ಆಗಿದೆ ಎನ್ನುವುದು ನಮ್ಮ ಮನೆಯಲ್ಲಿ ಕಣ್ಣಿಗಿಂತ ಮೊದಲು ಕಿವಿಗೆ ತಿಳಿಯುತ್ತಿತ್ತು. ಮುಂದೆ ನಾನು ಪಶುವೈದ್ಯೆಯಾಗಿ ಮೂವತ್ತು ವರ್ಷ ಊರೂರು ಸುತ್ತಿದೆ. ಆ ಕೆಲಸಕ್ಕೆ ಬೇಕಾದ ಕಿವಿ, ಮೂಗು, ಸಿಟ್ಟು ಮೂರೂ ಹುಲ್ಲಹಳ್ಳಿಗೆ ಮೂರು ಮೈಲಿ ದೂರದ ಆ ಮನೆಯಲ್ಲೇ ಬಂದವು. ಕಿವಿ, ಮೂಗು ಈಗ ಮಂದವಾಗಿವೆ. ಸಿಟ್ಟು ಹಾಗೇ ಇದೆ.

ಮನೆಯ ಯಜಮಾನ ನಮ್ಮ ದೊಡ್ಡಪ್ಪ. ಅವನನ್ನು ಇಲ್ಲಿ ಏಕವಚನದಲ್ಲೇ ಬರೆಯುತ್ತೇನೆ. ಬದುಕಿದ್ದಾಗ ಕೊಟ್ಟ ಬಹುವಚನ ಸಾಕು. ನನಗೆ ಐದು ವರ್ಷವಾಗಿದ್ದಾಗ ಅಪ್ಪ ತೀರಿಕೊಂಡರು. ಅದಕ್ಕೂ ಮೊದಲೇ ದೊಡ್ಡಪ್ಪನ ಹೆಂಡತಿ ಹೋಗಿದ್ದಳು. ಹಾಗಾಗಿ ಅವನ ಮಗಳು ನೀಲಕ್ಕನನ್ನೂ ನನ್ನನ್ನೂ ಒಂದೇ ತಟ್ಟೆಯಲ್ಲಿ ಉಣಿಸಿ ಬೆಳೆಸಿದವಳು ಅವ್ವ. ನೀಲಕ್ಕ ನನಗಿಂತ ಆರು ವರ್ಷ ದೊಡ್ಡವಳು. ಬೆಳಿಗ್ಗೆ ದೊಡ್ಡಪ್ಪ ಪಡಸಾಲೆಯ ಮೂಲೆಯಲ್ಲಿ ಅಂಗೈ ಮೇಲೆ ಲಿಂಗವಿಟ್ಟುಕೊಂಡು ಪೂಜೆಗೆ ಕೂತರೆ ಮುಗಿಯುವತನಕ ಮನೆಯಲ್ಲಿ ಯಾರೂ ಬಾಯಿಗೆ ನೀರು ಹಾಕುವಂತಿರಲಿಲ್ಲ. ಹಣೆ ತುಂಬ ವಿಭೂತಿ, ಮಾತು ಮೆಲ್ಲಗೆ. ಊರಿನವರಿಗೆ ಅವನು ದೊಡ್ಡ ಮನುಷ್ಯ. ಅವ್ವ ಅವನೆದುರು ನಿಂತು ಮಾತಾಡಿದ್ದನ್ನು ನಾನು ಚಿಕ್ಕವಳಿದ್ದಾಗ ನೋಡಿಯೇ ಇಲ್ಲ. ಹೇಳಬೇಕಾದದ್ದನ್ನು ಬಾಗಿಲ ಮರೆಯಿಂದ ನೀಲಕ್ಕನಿಗೆ ಹೇಳುವಳು, ಅದನ್ನು ಅವನು ಕೇಳಿಸಿಕೊಳ್ಳುವನು.

ನಮ್ಮಲ್ಲೊಂದು ಕರಿ ನಾಯಿ ಇತ್ತು. ಒಂದು ಬೆಳಿಗ್ಗೆ ಅದು ಪಡಸಾಲೆಯ ಮೆಟ್ಟಿಲ ಮೇಲೆ ಮಲಗಿತ್ತು. ಪೂಜೆಗೆ ನೀರು ತರುತ್ತಿದ್ದ ದೊಡ್ಡಪ್ಪ ಬಾಲ ತುಳಿದ. ನಾಯಿ ಕಿರುಚಿ ಎದ್ದಿತು, ಚೆಂಬು ಉರುಳಿತು. ಅವನು ಒಂದು ಮಾತೂ ಆಡದೆ ಗೋಡೆಗೆ ಒರಗಿಸಿದ್ದ ಗುದ್ದಲಿಯ ಕಾವನ್ನು ಎತ್ತಿ ಮುಂಗಾಲಿಗೆ ಒಂದೇ ಏಟು ಹಾಕಿದ. ಚರ್ಮ ಹರಿದು ಮೂಳೆ ಆಚೆ ಬಂತು. ಆಮೇಲೆ ಇನ್ನೊಂದು ಚೆಂಬು ನೀರು ತಂದು ಪೂಜೆಗೆ ಕೂತ. ಅವ್ವ ಬಿದಿರಿನ ಸೀಳು ಇಟ್ಟು ಹಳೇ ಸೀರೆಯ ಅಂಚಿನಲ್ಲಿ ಕಾಲು ಕಟ್ಟಿದಳು. ತಿಂಗಳಾಗುವಷ್ಟರಲ್ಲಿ ಗಾಯ ಮುಚ್ಚಿತು. ನಾವು ಸಂತೋಷಪಟ್ಟೆವು. ಮತ್ತೆ ಹದಿನೈದು ದಿನಕ್ಕೆ ಅದೇ ಜಾಗ ಬಾತು, ಒಡೆದು, ಕೀವು ಇಳಿಯಿತು. ಮುಚ್ಚುವುದು, ಒಡೆಯುವುದು, ಹೀಗೇ ಮೂರು ಸಲ ಆಯಿತು. ಕೊನೆಗೆ ನಾನೂ ನೀಲಕ್ಕನೂ ನಾಯಿಯನ್ನು ಮಂಕರಿಯಲ್ಲಿ ಕೂರಿಸಿ, ಸರದಿಯ ಮೇಲೆ ತಲೆಗೆ ಹೊತ್ತು, ನಾಲೆ ಏರಿಯ ಮೇಲೆ ಹುಲ್ಲಹಳ್ಳಿಯ ದನದ ಆಸ್ಪತ್ರೆಗೆ ನಡೆದೆವು. ಡಾಕ್ಟರು ತೆಳ್ಳಗಿನ ಮನುಷ್ಯ, ಸೈಕಲ್ಲಿನಲ್ಲಿ ಊರೂರು ತಿರುಗುವವರು.

"ಯಾರಮ್ಮ ಹೊಡೆದದ್ದು?"

"ಬಿದ್ಬುಡ್ತು ಸಾ," ಅಂದಳು ನೀಲಕ್ಕ, ನನ್ನ ಕೈ ಚಿವುಟಿ.

ಅವರು ನಂಬಲಿಲ್ಲ, ಮತ್ತೆ ಕೇಳಲೂ ಇಲ್ಲ. ಉಕ್ಕಿನ ಸಣ್ಣ ಕಡ್ಡಿಯೊಂದನ್ನು ಕೀವಿನ ತೂತಿನೊಳಗೆ ಮೆಲ್ಲಗೆ ಇಳಿಸಿದರು. ಒಳಗೆ ಎಲ್ಲೋ ಅದು ಟಕ್ಕೆಂದಿತು.

"ಕೇಳಿಸ್ತಾ? ಅದು ಸತ್ತ ಮೂಳೆ. ಮೇಲೆ ಚರ್ಮ ಕೂಡ್ಕೊಂಡಿದೆ ಅಂತ ನೀವು ಸುಮ್ಮನಾದ್ರಿ. ಒಳಗೆ ಕೊಳೀತಾನೇ ಇತ್ತು. ಸತ್ತದ್ದು ಆಚೆ ಬರೋ ತನಕ ಈ ತೂತು ಮುಚ್ಚಬಾರದಮ್ಮ. ಮುಚ್ಚಿದಷ್ಟೂ ಒಳಗೆ ತಿನ್ನುತ್ತೆ."

ಕೊಯ್ದು ತೆಗೆದ ಮೂಳೆಯ ಚೂರು ನನ್ನ ಕಿರುಬೆರಳಿನ ಅರ್ಧದಷ್ಟಿತ್ತು. ಬಣ್ಣ ಬೂದಿ. ನೀಲಕ್ಕ ನಾಯಿಯ ತಲೆಯನ್ನು ಎದೆಗೆ ಒತ್ತಿ ಹಿಡಿದುಕೊಂಡಿದ್ದಳು. ನಾನು ಕಣ್ಣು ಮಿಟುಕಿಸದೆ ನೋಡಿದೆ. ಆ ಕಾಲನ್ನು ನೆಲಕ್ಕೆ ಊರದಿದ್ದರೂ ನಾಯಿ ಬದುಕಿತು. ಅದು ಕುಂಟಿಕೊಂಡು ಅಂಗಳ ದಾಟುವುದನ್ನು ಕಂಡಾಗಲೆಲ್ಲ ನನ್ನ ಕಣ್ಣು ಹೋಗುತ್ತಿದ್ದುದು ದೊಡ್ಡಪ್ಪನ ಕಾಲಿನ ಕಡೆಗೆ.

ಮರುವರ್ಷ ಎತ್ತಿನ ಸರದಿ. ನಮ್ಮ ಬೂದು ಬಣ್ಣದ ಎತ್ತು ಬೋರನಿಗೆ ಕೆಳದವಡೆಯ ಬಲಗಡೆ ನಿಂಬೆಹಣ್ಣಿನಷ್ಟು ಗಂಟು ಎದ್ದಿತು. ಒತ್ತಿದರೆ ಜರುಗದು, ಮೂಳೆಯೇ ಅಲ್ಲಿ ಮೊಳೆತಂತಿತ್ತು. ದೊಡ್ಡಪ್ಪ ಕುಡುಗೋಲು ಕಾಯಿಸಿ ಎರಡು ಸಲ ಬರೆ ಎಳೆದ. ಗಂಟು ದೊಡ್ಡದಾಗಿ ಒಡೆಯಿತು. ಬಂದ ಕೀವು ಅಂಟಂಟು, ಅದರಲ್ಲಿ ರವೆಯಂಥ ಹಳದಿ ಕಾಳು. ಆ ವಾಸನೆ ಅಡುಗೆಮನೆಯ ತನಕ ಬರುತ್ತಿತ್ತು. ಬೋರ ಒಣಹುಲ್ಲನ್ನು ಬಾಯಲ್ಲಿ ಇಟ್ಟುಕೊಂಡು ಅಗಿಯಲಾರದೆ ಕೆಳಗೆ ಬಿಡುತ್ತಿತ್ತು. ಡಾಕ್ಟರು ಪಕ್ಕದ ಕೇರಿಗೆ ಕರು ನೋಡಲು ಬಂದಾಗ ನಾನೇ ಓಡಿಹೋಗಿ ಸೈಕಲ್ಲು ನಿಲ್ಲಿಸಿ ಕರೆತಂದೆ. ಅವರು ಬಾಯಿ ಬಿಡಿಸಿ, ಅಲ್ಲಾಡುವ ಹಲ್ಲು ತೋರಿಸಿದರು.

"ಒರಟು ಹುಲ್ಲು ವಸಡಿಗೆ ಚುಚ್ಚಿದ ದಾರೀಲಿ ಸೋಂಕು ದವಡೆ ಮೂಳೆಗೆ ಇಳಿದಿದೆ ಯಜಮಾನ್ರೇ. ತಿಂಗಳುಗಟ್ಟಲೆ ಔಷಧಿ ಹಾಕಬೇಕು. ಪೂರಾ ಹೋಗುತ್ತೆ ಅಂತ ಹೇಳಲಾರೆ, ಬೆಳೆಯೋದು ನಿಲ್ಲಬಹುದು. ಬೇರೆ ಕಟ್ಟಿ, ಮೆತ್ತನೆ ಮೇವು ಹಾಕಿ. ಯಾರಿಗೂ ಕೊಡಬೇಡಿ."

"ನಿಮ್ಮೌಸ್ದಿ ನಾಯ್ಗೆ ಕೊಡಿ ಸಾ," ಎಂದು ದೊಡ್ಡಪ್ಪ ಮೆಲ್ಲಗೆ ನಕ್ಕ.

ಅವ್ವನ ಅಣ್ಣ, ನನ್ನ ಮಾದೇವಮಾವ, ತಿ. ನರಸೀಪುರದ ಕಡೆಯ ರೈತ. ಅವನ ಜೋಡಿಯಲ್ಲಿ ಒಂದೆತ್ತು ಗಿಡ್ಡ, ಒಂದೆತ್ತು ಎತ್ತರ, ನೊಗ ವಾಲುತ್ತಿತ್ತು. ಗಿಡ್ಡನೆಯದು ಎಳೆಯದು, ಗಟ್ಟಿಮುಟ್ಟಾದದ್ದು. ಬೋರ ಮಾವನ ಎತ್ತರದ ಎತ್ತಿಗೆ ಸರಿಜೋಡಿ ಆಗುತ್ತದೆ, ಎತ್ತಿಗೆ ಎತ್ತು ಬದಲಾಯಿಸಿಕೊಳ್ಳೋಣ ಎಂದು ದೊಡ್ಡಪ್ಪನೇ ಹೇಳಿಕಳಿಸಿದ. ಮಾವ ಬರುವುದಕ್ಕೆ ಹದಿನೈದು ದಿನ ಮೊದಲಿನಿಂದ ಬೋರನಿಗೆ ನುಚ್ಚಿನ ಗಂಜಿ, ನೆನೆಸಿದ ಹಿಂಡಿ. ಮೈ ಸ್ವಲ್ಪ ತುಂಬಿತು. ಬರುವ ದಿನ ಬೆಳಿಗ್ಗೆ ಪೂಜೆ ಮುಗಿಸಿದ ದೊಡ್ಡಪ್ಪ ಜೇನುಮೇಣಕ್ಕೆ ಬೂದಿ ಕಲಸಿ, ನಾದಿ, ಕೀವಿನ ತೂತುಗಳಿಗೆ ಬೆರಳಿನಿಂದ ಒತ್ತಿ ತುಂಬಿದ. ಅದರ ಮೇಲೆ ಹಬ್ಬಕ್ಕೆ ಕಟ್ಟುವ ಉಣ್ಣೆಯ ಅಗಲ ಪಟ್ಟಿಯನ್ನು ದವಡೆ ಮುಚ್ಚುವಂತೆ ಕಟ್ಟಿದ. ನಾನು ಗೋದಲಿಯ ಹತ್ತಿರ ನಿಂತು ನೋಡುತ್ತಿದ್ದೆ. ಅವನು ನನ್ನ ಕಡೆ ತಿರುಗಿ ಅದೇ ಬೆರಳನ್ನು ತುಟಿಯ ಮೇಲಿಟ್ಟು ತೋರಿಸಿದ.

ಸಂತೆಯಲ್ಲಾದರೆ ಎತ್ತಿನ ಬಾಯಿ ಬಿಡಿಸಿ ಹಲ್ಲು ನೋಡುತ್ತಾರೆ. ತಂಗಿಯನ್ನು ಕೊಟ್ಟ ಮನೆಯಲ್ಲಿ ಹಾಗೆ ಮಾಡಿದರೆ ಅವಮಾನ. ಮಾವ ತಾನು ಹೊಡೆದುಕೊಂಡು ಬಂದ ಗಿಡ್ಡ ಎತ್ತನ್ನು ಗೋದಲಿಗೆ ಕಟ್ಟಿ, ಬೋರನ ಬೆನ್ನು ಸವರಿ, ಉಪ್ಪೆಸರಿನ ಊಟ ಮಾಡಿ, ಹೊರಡಲು ಎದ್ದ. ಆಗ ಅವ್ವ ಒಳಗಿನಿಂದ ಬಂದು, ಮಾತಿಲ್ಲದೆ, ಒಂದು ಕಂತೆ ಒಣಹುಲ್ಲನ್ನು ಬೋರನ ಮುಂದೆ ಹಾಕಿ ಅಣ್ಣನ ಮುಖವನ್ನೇ ನೋಡುತ್ತ ನಿಂತಳು. ಅದಕ್ಕೆ ಒಂದು ಬಾಯಿ ಹಾಕಿದ್ದರೆ ಸಾಕಿತ್ತು, ಅಗಿಯಲಾರದೆ ಕೆಳಗೆ ಬಿಟ್ಟು ಎಲ್ಲ ಬಯಲಾಗುತ್ತಿತ್ತು. ದೊಡ್ಡಪ್ಪ ಕಾಲಿನಲ್ಲಿ ಹುಲ್ಲನ್ನು ಅತ್ತ ತಳ್ಳಿದ.

"ದಾರಿ ನಡ್ಯೋ ಎತ್ಗೆ ಈಗ್ಯಾಕವ್ವ ಮೇವು?"

ಮಾವ ನಕ್ಕು, "ಎತ್ನ ಮ್ಯಾಲೆ ಪ್ರೀತಿ ಕನ ನಮ್ ತಂಗಿ ಸಿವಿಗೆ," ಎಂದು ಹಗ್ಗ ಹಿಡಿದು ನಡೆದ. ಅವ್ವ ಚೆಲ್ಲಿದ ಹುಲ್ಲನ್ನು ಬಾಚಿಕೊಂಡು ಒಳಗೆ ಹೋದಳು. ನನಗೆ ಆಗ ಹನ್ನೆರಡು ವರ್ಷ, ಬಾಯಿತ್ತು, ಆಡಲಿಲ್ಲ.

ಮೂರು ತಿಂಗಳಿಗೆ ಮಾವ ಮತ್ತೆ ಬಂದ. ಬಗಲಲ್ಲಿ ಟವಲಿನ ಗಂಟು. ಹೊಸಿಲು ದಾಟಲಿಲ್ಲ. ನೀಲಕ್ಕ ಕೊಟ್ಟ ನೀರಿನ ಚೆಂಬನ್ನು ಮುಟ್ಟಲಿಲ್ಲ. ಗಂಟು ಬಿಚ್ಚಿ ಒಳಗಿದ್ದುದನ್ನು ಪಡಸಾಲೆಯ ಕಡೆಗೆ ಎಸೆದ. ಬೋರನ ಕೆಳದವಡೆಯ ಮೂಳೆ. ಎತ್ತು ಕಬ್ಬಿನ ಸೋಗೆ ಅಗಿಯುವಾಗ ಎರಡು ತುಂಡಾಗಿ ಮುರಿದಿತ್ತಂತೆ. ಆಮೇಲೆ ಎತ್ತು ಏನೂ ತಿನ್ನಲಾರದೆ ಎಂಟು ದಿನ ಬದುಕಿತ್ತು. ಮೂಳೆ ಊದಿಕೊಂಡು, ಹಳೇ ಜೇನುಹುಟ್ಟಿನ ಹಾಗೆ ತೂತುಬಿದ್ದಿತ್ತು. ದೊಡ್ಡಪ್ಪ ಪಡಸಾಲೆಯಲ್ಲಿ ಕೂತಿದ್ದ, ಮಾವ ಅವನ ಕಡೆ ನೋಡಲೂ ಇಲ್ಲ.

"ನೋಡ್ಕೊ ತಂಗಿ. ದಿನಾ ಮೈ ತೊಳೀತಿದ್ದೋಳು ನೀನು. ನಿಂಗೊತ್ತಿರ್ನಿಲ್ವ?"

ಅವ್ವ ಅಡುಗೆಮನೆಯ ಬಾಗಿಲು ಹಿಡಿದು ನಿಂತಿದ್ದಳು. ಸುಳ್ಳು ಹೇಳಬಹುದಿತ್ತು.

"ಗೊತ್ತಿತ್ತು ಕನಣ್ಣ," ಅಂದಳು.

"ಆಗ್ಲಿ. ಇನ್ಮ್ಯಾಕೆ ಈ ಮನೇಲಿ ನಂಗೊಬ್ಳು ತಂಗಿ ಅವ್ಳೆ ಅಂದ್ಕಳಾಕಿಲ್ಲ."

ಪ್ರತಿ ಯುಗಾದಿಗೆ ಮಾವ ಬಂದು ನಮ್ಮನ್ನು ಕರೆದುಕೊಂಡು ಹೋಗುತ್ತಿದ್ದ. ವರ್ಷದಲ್ಲಿ ಅವ್ವ ನಗುತ್ತಿದ್ದುದು ಆ ನಾಲ್ಕು ದಿನ. ಆ ವರ್ಷವೂ ಬೆಳಿಗ್ಗೆ ಎದ್ದು ಒಬ್ಬಟ್ಟು ತಟ್ಟಿ, ಬಟ್ಟೆಯ ಗಂಟು ಕಟ್ಟಿ, ಹಿತ್ತಿಲ ಒಗೆಯುವ ಕಲ್ಲಿನ ಮೇಲೆ ರಸ್ತೆ ನೋಡುತ್ತ ಕೂತಳು. ಬಿಸಿಲು ನೆತ್ತಿಗೆ ಬಂತು, ಇಳಿಯಿತು. ನೀಲಕ್ಕ ಹೋಗಿ ಗಂಟು ಬಿಚ್ಚಿ ಸೀರೆಗಳನ್ನು ಮತ್ತೆ ಹಲಗೆಯ ಮೇಲೆ ಮಡಚಿಟ್ಟಳು. ದೊಡ್ಡಪ್ಪ ಎರಡು ಒಬ್ಬಟ್ಟು ಹೆಚ್ಚಿಗೆ ಹಾಕಿಸಿಕೊಂಡು ತಿಂದ. ಅವತ್ತಿನಿಂದ ಅವನಿಗೆ ಮಜ್ಜಿಗೆ ಕೊಡುವ ಕೆಲಸವನ್ನು ನಾನು ಕೇಳಿ ವಹಿಸಿಕೊಂಡೆ. ದಿನವೂ ಬಾಗಿಲ ಹಿಂದೆ ನಿಂತು ಲೋಟದೊಳಗೆ ಉಗುಳಿ, ಬೆರಳಲ್ಲಿ ಕಲಸಿ ಕೊಡುತ್ತಿದ್ದೆ. ಎರಡು ವರ್ಷ ಕುಡಿದ. ಹೇಳಿಕೊಳ್ಳಲು ಈಗಲೂ ನನಗೆ ನಾಚಿಕೆಯಿಲ್ಲ. ಆದರೆ ಅದು ಸಾಲುತ್ತಿರಲಿಲ್ಲ. ಅವನಿಗೆ ಗೊತ್ತೇ ಆಗದ ಶಿಕ್ಷೆ ಎಂಥ ಶಿಕ್ಷೆ? ನಾಲ್ಕು ಜನರ ಎದುರು ಅವನ ವಿಭೂತಿಯ ಮುಖ ಇಳಿಯುವುದನ್ನು ನೋಡಬೇಕಿತ್ತು. ಕಾದೆ.

ನೀಲಕ್ಕನ ಮದುವೆಯ ಮಾತು ಬಂದಾಗ ನನಗೆ ಹದಿನಾಲ್ಕು. ಗಂಡಿನ ಕಡೆಯವರು ನರಸೀಪುರದ ಹತ್ತಿರದ ಅನುಕೂಲಸ್ಥರು. ಹುಡುಗಿಯನ್ನು ನೋಡಿ ಒಪ್ಪಿದ್ದರು. ಮಗಳ ಜೊತೆಗೆ ಬಳುವಳಿಯಾಗಿ ಹಸು-ಕರು ಕೊಡುತ್ತೇನೆ ಎಂದು ದೊಡ್ಡಪ್ಪ ನಾಲ್ಕು ಜನರಲ್ಲಿ ಹೇಳಿಕೊಂಡಿದ್ದ. ಕೊಡಲು ಅವನು ಆರಿಸಿದ್ದು ಕೆಂದಿಯನ್ನು. ಕೆಂಪು ಮೈಯ, ಒಳ್ಳೆ ಹಾಲಿನ ಹಸು. ಆದರೆ ಹಿಂದಿನ ಮಳೆಗಾಲದಲ್ಲಿ ಗಾಡಿಯ ಚಕ್ರ ಅದರ ಹಿಂಗಾಲಿನ ಮೇಲೆ ಹರಿದು ಮೂಳೆಯ ತನಕ ಗಾಯವಾಗಿತ್ತು. ಡಾಕ್ಟರನ್ನು ಕರೆಸಲಿಲ್ಲ. ಬರೆ ಎಳೆದ. ನಾಯಿಯ ಕಾಲಿನಂತೆಯೇ ಅದೂ ಮುಚ್ಚುವುದು, ಒಡೆಯುವುದು. ತೂತಿನೊಳಗೆ ನಾನೇ ಒಮ್ಮೆ ತೊಳೆದ ಬೇವಿನ ಕಡ್ಡಿ ಇಳಿಸಿ ನೋಡಿದ್ದೆ. ಟಕ್ಕೆಂದಿತ್ತು. ಮಾತು ಪಕ್ಕಾ ಮಾಡಲು ಬೀಗರು ಬರುವ ದಿನ ಬೆಳಿಗ್ಗೆ ಕೊಟ್ಟಿಗೆಯಲ್ಲಿ ಸಾಂಬ್ರಾಣಿ ಹೊಗೆ ಎದ್ದಿತು. ಹೋಗಿ ನೋಡಿದೆ. ಈ ಸಲ ಮೇಣಕ್ಕೆ ಬೂದಿಯ ಬದಲು ಕಾವಿ ಕಲಸಿದ್ದ. ಹಸುವಿನ ಬಣ್ಣಕ್ಕೆ ಸರಿಯಾಗಿ ಹೊಂದಿತ್ತು.

ಹುಡುಗನೂ ಸೇರಿ ಐದು ಜನ ಬಂದು ಪಡಸಾಲೆಯಲ್ಲಿ ಕೂತರು. ಹುಡುಗನ ತಂದೆ ಎತ್ತರದ ಆಳು. ದಾಟಿಬಂದ ಹಸುವನ್ನು ತಿರುಗಿ ನೋಡಿ, "ಲಕ್ಷಣವಾಗದೆ ಕನ್ರೀ ಅಸ," ಅಂದರು. ದೊಡ್ಡಪ್ಪ ಅದರ ಹಾಲಿನ ವರ್ಣನೆ ಶುರುಮಾಡಿದ. ನಾನು ಬಚ್ಚಲಿಗೆ ಹೋಗಿ ಹಂಡೆಯಿಂದ ಕೈ ತಡೆಯುವಷ್ಟು ಬಿಸಿನೀರು ತುಂಬಿಕೊಂಡು, ಬಟ್ಟೆ ಹಿಡಿದು, ಎಲ್ಲರ ಮುಂದೆಯೇ ಕೊಟ್ಟಿಗೆಗೆ ಇಳಿದೆ.

"ಕಾಲು ಸಗಣಿ ಆಗದೆ ದೊಡ್ಡಪ್ಪ, ತೊಳೀತೀನಿ."

"ಬ್ಯಾಡ ಬುಡು ಕೂಸೇ," ಅಂದ. ಅವನು ನನ್ನನ್ನು ಕೂಸೇ ಎಂದು ಕರೆದದ್ದು ಜೀವಮಾನದಲ್ಲಿ ಅದೊಂದೇ ಸಲ.

ಒದ್ದೆ ಬಟ್ಟೆಯನ್ನು ಕಾಲಿಗೆ ಸುತ್ತಿ ಒತ್ತಿ ಹಿಡಿದೆ. ಮೇಣ ಮೆತ್ತಗಾಗುವುದು ಬೆರಳಿಗೆ ತಿಳಿಯುತ್ತಿತ್ತು. ಕೆಂದಿ ಒದೆಯಲಿಲ್ಲ, ಪುಣ್ಯ. ಬಟ್ಟೆ ತೆಗೆದಾಗ ಕಾವಿಯ ಮೇಣ ಒಂದು ಬಿಲ್ಲೆಯಾಗಿ ಕಿತ್ತು ಬಂತು, ಅದರ ಹಿಂದೆಯೇ ಕೀವು ಗೊರಸಿನ ತನಕ ಇಳಿಯಿತು. ಸಾಂಬ್ರಾಣಿಯನ್ನು ಮೀರಿ ವಾಸನೆ ಎದ್ದಿತು. ಹುಡುಗನ ತಂದೆ ಪಡಸಾಲೆ ಇಳಿದು ಬಂದು ಕುಕ್ಕರುಗಾಲಲ್ಲಿ ಕೂತು ನೋಡಿದರು.

"ಇದೇನ್ರೀ ಬೀಗ್ರೇ?"

"ಮೇಣ," ಅಂದೆ ನಾನು. "ಕಾವಿ ಕಲ್ಸಿ ಮೆತ್ತವ್ರೆ. ಒಳಗೆ ಮೂಳೆ ಕೊಳ್ತೋಗದೆ. ನಮ್ಮ ಮಾದೇವಮಾವಂಗೂ ಇಂಗೇ ಮುಚ್ಚಿ ಎತ್ತು ಕೊಟ್ರು, ಅದು ದವ್ಡೆ ಮುರ್ದು ಸತ್ತೋಯ್ತು. ನಿಮ್ಮ ಪಕ್ಕದೂರೇ, ಓಗಿ ಕೇಳಿ."

ದೊಡ್ಡಪ್ಪನ ಮುಖ ನೋಡಿದೆ. ಎರಡು ವರ್ಷ ಕಾದದ್ದು ಅದಕ್ಕೇ. ಬಾಯಿ ತೆರೆದಿತ್ತು, ಬೆವರಿಗೆ ವಿಭೂತಿ ಕರಗಿ ಹುಬ್ಬಿಗೆ ಇಳಿಯುತ್ತಿತ್ತು. ಅಷ್ಟು ಸಂತೋಷ ನನಗೆ ಮುಂದೆ ಡಿಗ್ರಿ ಕೈಗೆ ಬಂದಾಗಲೂ ಆಗಲಿಲ್ಲ. ಹುಡುಗನ ತಂದೆ ಎದ್ದು, ಕೈ ತೊಳೆದುಕೊಂಡು, ತಮ್ಮವರ ಕಡೆ ತಿರುಗಿ ಹೇಳಿದರು.

"ನಡೀರಿ ಓಗಾನ. ಅಸಾನೇ ಇಂಗೆ ಮುಚ್ಚಿ ಕೊಡೋನು, ಮಗಳಲ್ಲಿ ಏನ ಮುಚ್ಚವ್ನೋ ಯಾರಿಗ್ಗೊತ್ತು."

ಅಡುಗೆಮನೆಯ ಬಾಗಿಲ ಹಿಂದೆ ಹೊಸ ಸೀರೆ ಉಟ್ಟು ನಿಂತಿದ್ದ ನೀಲಕ್ಕನಿಗೆ ಆ ಮಾತು ಪೂರ್ತಿ ಕೇಳಿಸಿತು. ಅದು ನನಗೆ ಹೊಳೆದದ್ದು ಆಮೇಲೆ. ಆ ಹೊತ್ತಿನಲ್ಲಿ ನನ್ನ ಕಣ್ಣಿಗೆ ಬಿದ್ದದ್ದು ದೊಡ್ಡಪ್ಪ ಕೊಟ್ಟಿಗೆಯ ಹಗ್ಗ ಎಳೆದುಕೊಂಡು ನನ್ನ ಕಡೆ ಬರುತ್ತಿದ್ದುದು. ಎರಡು ಏಟು ಬೆನ್ನಿಗೆ ಬಿತ್ತು. ಮೂರನೆಯದಕ್ಕೆ ಅವ್ವ ನಡುವೆ ಬಂದಳು. ಬೀಗರಿಗೆಂದು ಮುದ್ದೆ ತಿರುವುತ್ತಿದ್ದಳು, ಕೈಯಲ್ಲಿ ಮುದ್ದೆಕೋಲು ಹಾಗೇ ಇತ್ತು, ಅದರ ತುದಿಯಲ್ಲಿ ಬಿಸಿ ಹಿಟ್ಟು ಹೊಗೆಯಾಡುತ್ತಿತ್ತು.

"ಮುಟ್ಟಿ ನೋಡಿ ಬಾವ," ಅಂದಳು. "ಇನ್ನೊಂದೇಟು ಬೀಳ್ಲಿ ನೋಡಾನ."

ಅವನು ಹಗ್ಗ ಕೆಳಗೆ ಹಾಕಿದ.

ತಿಂಗಳೊಳಗೆ ಮನೆ ಎರಡಾಯಿತು. ಪಡಸಾಲೆಯ ಹಿಂದೆ ಮಣ್ಣಿನ ಗೋಡೆ ಎದ್ದಿತು. ಕೊಟ್ಟಿಗೆ, ಪಡಸಾಲೆ, ಮುಂಬಾಗಿಲು ದೊಡ್ಡಪ್ಪನಿಗೂ ನೀಲಕ್ಕನಿಗೂ, ಅಡುಗೆಮನೆ ಮತ್ತು ಹಿತ್ತಿಲು ನಮಗೆ. ದನಗಳಲ್ಲಿ ಯಾವುದು ಬೇಕೆಂದು ಹಿರಿಯರು ಕೇಳಿದಾಗ ಅವ್ವ ಯಾರಿಗೂ ಬೇಡವಾದ ಕೆಂದಿಯನ್ನು ಕೇಳಿದಳು. ಡಾಕ್ಟರು ಬಂದು ಕಾಲಿನ ಗಾಯ ಕೊಯ್ದು, ಸತ್ತ ಮೂಳೆ ಕೆರೆದು ತೆಗೆದು, ಎರಡು ತಿಂಗಳು ಗಾಯಕ್ಕೆ ಔಷಧಿಯ ಬತ್ತಿ ಇಡುವುದನ್ನು ನನಗೆ ಕಲಿಸಿದರು. ಕೆಂದಿ ಕುಂಟುತ್ತಲೇ ಇನ್ನೂ ಮೂರು ಕರು ಹಾಕಿತು. ನಡೆದದ್ದು ನರಸೀಪುರದ ಕಡೆಗೆ ಬೀಗರ ಬಾಯಲ್ಲೇ ಹರಡಿತು. ಯುಗಾದಿಗೆ ಮೊದಲೇ ಮಾವ ಬಂದ. ಹಿತ್ತಿಲ ಬಾಗಿಲಲ್ಲಿ ನಿಂತು, "ತಂಗಿ, ನೀರ್ ಕೊಡವ್ವ," ಅಂದ. ಅವ್ವ ನೀರು ಕೊಡಲು ಹೋಗಿ ಚೆಂಬನ್ನು ತಾನೇ ಹಿಡಿದುಕೊಂಡು ಅಳುತ್ತ ನಿಂತುಬಿಟ್ಟಳು. ದೊಡ್ಡಪ್ಪನ ಜೊತೆ ಮತ್ತೆ ಯಾರೂ ದನದ ವ್ಯವಹಾರ ಮಾಡಲಿಲ್ಲ, ಪಂಚಾಯಿತಿಗೂ ಕರೆಯಲಿಲ್ಲ. ಇಪ್ಪತ್ತು ವರ್ಷ ಹಾಗೆ ಬದುಕಿದ. ಸತ್ತಾಗ ನಾನು ಹೋದೆ, ನೋಡಿದೆ, ತಿಥಿಯ ಊಟವನ್ನು ಹೊಟ್ಟೆ ತುಂಬ ಉಂಡೆ. ಅವನ ವಿಷಯದಲ್ಲಿ ನನಗೆ ಪಶ್ಚಾತ್ತಾಪವೆಂಬುದು ಇಲ್ಲ.

ಆದರೆ ಆ ಮನೆಗೆ ನಾಲ್ಕು ವರ್ಷ ಇನ್ನಾರೂ ಹೆಣ್ಣು ನೋಡಲು ಬರಲಿಲ್ಲ. ಗೋಡೆ ಎದ್ದ ಮೇಲೆ ನೀಲಕ್ಕ ನನ್ನೊಡನೆ ಮಾತು ಬಿಟ್ಟಿದ್ದಳು. ಅತ್ತ ಕಡೆ ಅವಳು ರಾಗಿ ಬೀಸುವುದು ಇತ್ತ ಕಡೆ ನಮಗೆ ಕೇಳುತ್ತಿತ್ತು, ಮೊದಲಿನಂತೆ ಹಾಡಿಕೊಂಡು ಬೀಸುತ್ತಿರಲಿಲ್ಲ. ಒಂದು ಮಧ್ಯಾಹ್ನ ನಾಲೆಯ ಸೋಪಾನದಲ್ಲಿ ನಾನು ಬಟ್ಟೆ ಒಗೆಯುತ್ತಿದ್ದಾಗ ಅವಳೂ ಬಂದಳು. ಬೇರೆ ಯಾರೂ ಇರಲಿಲ್ಲ. ಎರಡು ಕಲ್ಲು ಬಿಟ್ಟು ಕೂತು ಒಗೆದಳು. ಬೈಯುತ್ತಾಳೆ ಎಂದು ನಾನು ತಲೆ ತಗ್ಗಿಸಿಕೊಂಡಿದ್ದೆ. ಬೈದರೆ ಹೇಳಲು ಉತ್ತರವನ್ನೂ ಸಿದ್ಧಮಾಡಿಕೊಂಡಿದ್ದೆ: ಅವ್ವನ ಹೆಸರು, ಬೋರನ ದವಡೆ, ನಾಯಿಯ ಕಾಲು. ಅವಳು ಬೈಯಲಿಲ್ಲ. ನೀರು ನೋಡುತ್ತಲೇ ಮಾತಾಡಿದಳು.

"ಆ ಹುಡ್ಗ ಚೆಂದಾಗಿದ್ದ ಕನ ಮಂಗ್ಳಿ. ಎಲ್ರೂ ಅಸ ನೋಡ್ತಿರ್ಬೇಕಾರೆ ಅಂವ ನನ್ ಬಾಗ್ಲ ಕಡೆ ನೋಡ್ತಿದ್ದ."

ನಾನು ಒಗೆದ ಬಟ್ಟೆಯನ್ನೇ ಮತ್ತೆ ಕಲ್ಲಿಗೆ ಬಡಿದೆ.

"ನಾಯಿ ಮಂಕ್ರಿನ ನಾನೂ ಒತ್ತಿದ್ದೆ. ನಿಮ್ಮವ್ವನ ಗಂಟ್ನ ನಾನೇ ಬಿಚ್ಚಿಟ್ಟೆ. ನನ್ನ ಒಂದ್ ಮಾತ ಕೇಳ್ಬೌದಾಗಿತ್ತು. ಕೇಳಿದ್ರೆ ನಾನೇ ನೀರ್ ಕಾಯ್ಸಿ ಕೊಡ್ತಿದ್ದೆ. ನೀನು ಕೇಳ್ನಿಲ್ಲ."

ಅವಳ ಕೈಯಲ್ಲಿ ಬೀಗರು ಬಂದ ದಿನ ಉಟ್ಟಿದ್ದ ಸೀರೆಯಿತ್ತು, ನೀರು ಕುಡಿದು ಭಾರವಾಗಿತ್ತು. ಹಿಂಡಲು ಒಂದು ತುದಿಯನ್ನು ನನ್ನ ಕಡೆ ಚಾಚಿದಳು. ಹಿಡಿದೆ. ಇಬ್ಬರೂ ಎದುರುಬದುರು ನಿಂತು, ಒಬ್ಬರ ಮುಖ ಒಬ್ಬರು ನೋಡದೆ, ನೀರು ನಿಲ್ಲುವತನಕ ತಿರುಚಿದೆವು. ಏರಿಯ ಮೇಲೆ ಅವಳು ಮುಂದೆ, ನಾನು ಹಿಂದೆ ನಡೆದೆವು. ಊರು ಬಂದಾಗ ಅವಳು ಮುಂಬಾಗಿಲಿಗೆ ಹೋದಳು, ನಾನು ಹಿತ್ತಿಲಿಗೆ ತಿರುಗಿದೆ.